ಅಂಗೈಯಗಲದ ಪುಟದಲ್ಲಿ ನೂರೆಂಟು ಅಂಗುಲ

ಜೇಬಿಗೆ ಹಿಡಿಸುವ ಸ್ಕೆಚ್ ಪುಸ್ತಕ ಕೊಂಡು ಮನುಷ್ಯರನ್ನು ಬರೆಯಲು ಶುರು ಮಾಡಿದವರ ಮೊದಲ ಹತ್ತಿಪ್ಪತ್ತು ಪುಟ ತಿರುವಿ ನೋಡಿ. ಬಹಳಷ್ಟು ಆಳುಗಳಿಗೆ ಪಾದವೇ ಇರುವುದಿಲ್ಲ. ಕೆಲವರಿಗೆ ಇದ್ದರೂ ಮೊಣಕಾಲಿನಿಂದ ಕೆಳಗೆ ಕಾಲು ಮೋಟು. ಮುಖವನ್ನು ಮಾತ್ರ ತಿದ್ದಿ ತೀಡಿರುತ್ತಾರೆ. ರೆಪ್ಪೆಗೂದಲು, ಮೀಸೆಯ ಎಳೆ, ಕಿವಿಯ ಓಲೆ ಒಂದೂ ಬಿಟ್ಟಿರುವುದಿಲ್ಲ. ಗೆರೆಯಲ್ಲಿ ಹಿಡಿತವಿದೆ, ಕಣ್ಣಿನಲ್ಲಿ ಆಸೆಯಿದೆ, ಆದರೂ ಬರೆದ ಆಳು ಆಳಿನಂತೆ ಕಾಣುವುದಿಲ್ಲ. ಅದನ್ನು ನೋಡಿ "ನನಗೆ ಚಿತ್ರ ಒಲಿಯೋದಿಲ್ಲ" ಎಂದು ಪುಸ್ತಕ ಮುಚ್ಚಿಟ್ಟ ಮಕ್ಕಳು ನಮ್ಮ ಕಡೆ ಎಷ್ಟೋ ಮಂದಿ. ಆ ಮಕ್ಕಳ ಕೈಯಲ್ಲಿ ಯಾವ ಊನವೂ ಇಲ್ಲ. ಅಳತೆಯನ್ನು ಎಲ್ಲಿಂದ ಹಿಡಿಯಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಪಾದ ಏಕೆ ಕಳೆದುಹೋಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಎ6 ಅಳತೆಯ ಪುಟ 105 ಮಿಲಿಮೀಟರ್ ಅಗಲ, 148 ಮಿಲಿಮೀಟರ್ ಉದ್ದ. ಮೇಲೆ ಕೆಳಗೆ ತಲಾ 18 ಮಿ.ಮೀ. ಜಾಗ ಬಿಟ್ಟರೆ ಆಳಿಗೆ ಉಳಿಯುವುದು 112 ಮಿ.ಮೀ. ನಿಂತ ಮನುಷ್ಯನ ಎತ್ತರ ಅವನ ತಲೆಯ ಏಳರಿಂದ ಏಳೂವರೆ ಪಟ್ಟು. ಏಳು ಎಂದೇ ಹಿಡಿದರೂ ತಲೆಗೆ ಸಿಗುವುದು 16 ಮಿ.ಮೀ. ಮಾತ್ರ. ಈಗ ಹುಡುಗ ತಲೆಯಿಂದ ಶುರು ಮಾಡುತ್ತಾನೆ. ತಲೆ ಮೂರೇ ಮಿಲಿಮೀಟರ್ ದೊಡ್ಡದಾಗಿ 19 ಆಗುತ್ತದೆ. ಕಣ್ಣಿಗೆ ಗೊತ್ತಾಗುವಂಥ ತಪ್ಪೇನಲ್ಲ. ಆಮೇಲೆ ಆ ತಲೆಗೆ ಹೊಂದುವ ಕುತ್ತಿಗೆ, ಆ ಕುತ್ತಿಗೆಗೆ ಹೊಂದುವ ಭುಜ, ಭುಜಕ್ಕೆ ಹೊಂದುವ ಎದೆ. ಪ್ರತಿ ಭಾಗವೂ ತನ್ನ ಪಕ್ಕದ ಭಾಗಕ್ಕೆ ಸರಿಯಾಗಿಯೇ ಇರುತ್ತದೆ. ಆದರೆ ಮೂರನ್ನು ಏಳರಿಂದ ಗುಣಿಸಿದರೆ 21. ಕೆಳಗೆ ಬಿಟ್ಟಿದ್ದ 18 ಮಿ.ಮೀ. ತಿಂದು ಪಾದ ಪುಟದಿಂದ ಆಚೆ ಹೋಯಿತು. ಜಾಣ ಹುಡುಗನಾದರೆ ಮೊಣಕಾಲು ಬರೆಯುವಾಗಲೇ ಅಂಚು ಹತ್ತಿರ ಬಂದದ್ದು ನೋಡಿ ಕಾಲನ್ನು ಒತ್ತಿ ಒತ್ತಿ ತುಂಬುತ್ತಾನೆ. ಮೋಟು ಕಾಲು ಹುಟ್ಟುವುದು ಹೀಗೆ. ದೊಡ್ಡ ಹಾಳೆಯಾದರೆ ಇಂಥ ತಪ್ಪಿಗೆ ಒಂದಿಷ್ಟು ಜಾಗ ಇರುತ್ತದೆ. ಚಿಕ್ಕ ಪುಟಕ್ಕೆ ಆ ಉದಾರತೆ ಇಲ್ಲ, ಅದಕ್ಕೇ ಅಭ್ಯಾಸಕ್ಕೆ ಅದು ಒಳ್ಳೆಯದು ಎಂದು ನಾನು ಹೇಳುವುದು.

ಈ ತಪ್ಪಿಗೆ ಮದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ ಇದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ. ಊರಿಗೆ ಊರೇ ಉಳಿಯ ಸದ್ದಿನಲ್ಲಿ ಬದುಕುವ ಜಾಗ ಅದು. ಕಲ್ಲಿನಲ್ಲೂ ಲೋಹದಲ್ಲೂ ದೇವರ ವಿಗ್ರಹ ಮಾಡುವ ಶಿಲ್ಪಿಗಳ ಮನೆಗಳು, ಮನೆ ಮುಂದೆ ಅರ್ಧ ಕೆತ್ತಿದ ಕೃಷ್ಣಶಿಲೆ, ಅಂಗಳದ ತುಂಬ ಕಲ್ಲಿನ ಚಕ್ಕೆ. ಹೋದವರೆಲ್ಲ ಕೆತ್ತನೆಯನ್ನು ನೋಡುತ್ತಾರೆ. ಚಿತ್ರ ಕಲಿಯುವವರು ಅದಕ್ಕೂ ಮುಂಚಿನ ಕೆಲಸವನ್ನು ನೋಡಬೇಕು. ಉಳಿ ತಾಗುವ ಮೊದಲು ಕಲ್ಲಿನ ಮೈಯನ್ನು ಸಮ ಮಾಡಿ ಅದರ ಮೇಲೆ ಗೆರೆ ಎಳೆಯುತ್ತಾರೆ. ಮೊಟ್ಟಮೊದಲು ನಡುವೆ ನೆಟ್ಟಗೆ ಇಳಿಯುವ ಒಂದು ಗೆರೆ. ಶಿಲ್ಪಶಾಸ್ತ್ರದಲ್ಲಿ ಅದು ಬ್ರಹ್ಮಸೂತ್ರ. ಆಮೇಲೆ ವಿಗ್ರಹದ ತುದಿ ಎಲ್ಲಿ, ಬುಡ ಎಲ್ಲಿ ಎಂಬ ಗುರುತು. ಆಮೇಲಷ್ಟೇ ಭಾಗ. ಕಣ್ಣು ಮೂಗಿನ ಮಾತು ಬಹಳ ಕೊನೆಗೆ.

ಅವರು ಅನುಸರಿಸುವ ಲೆಕ್ಕ ತಾಳಮಾನ. ಗಲ್ಲದಿಂದ ಕೂದಲಂಚಿನವರೆಗಿನ ಮುಖದ ಉದ್ದ ಒಂದು ತಾಳ. ಅದರಲ್ಲಿ 12 ಅಂಗುಲ. ಯಾವ ದೇವರಿಗೆ ಎಷ್ಟು ತಾಳ ಎಂಬುದು ನಿಗದಿಯಾಗಿದೆ. ಬ್ರಹ್ಮ, ವಿಷ್ಣು, ಶಿವರಿಗೆ ಉತ್ತಮ ದಶತಾಳ, ಅಂದರೆ ಒಟ್ಟು 124 ಅಂಗುಲ. ಲಕ್ಷ್ಮಿ, ಸರಸ್ವತಿ, ದುರ್ಗೆಯಂಥ ದೇವಿಯರಿಗೆ ಮಧ್ಯಮ ದಶತಾಳದ 120. ಗಣಪತಿಗೆ ಪಂಚತಾಳ. ಇಲ್ಲಿ ಗಮನಿಸಬೇಕಾದದ್ದು ಆ ಅಂಗುಲ ಎಲ್ಲಿಂದ ಬರುತ್ತದೆ ಎಂಬುದು. ಅದು ಅಂಗಡಿಯ ಸ್ಕೇಲಿನ ಇಂಚಲ್ಲ. ವಿಗ್ರಹದ ಪೂರ್ತಿ ಎತ್ತರವನ್ನು ಮೊದಲು ನಿಗದಿ ಮಾಡಿ, ಅದನ್ನು 124 ಪಾಲು ಮಾಡಿದರೆ ಒಂದು ಪಾಲೇ ಆ ವಿಗ್ರಹದ ಅಂಗುಲ. ಇದಕ್ಕೆ ದೇಹಲಬ್ಧಾಂಗುಲ ಎನ್ನುತ್ತಾರೆ. ಆರಡಿ ವಿಗ್ರಹದ ಅಂಗುಲ ಬೇರೆ, ಆರಿಂಚು ವಿಗ್ರಹದ ಅಂಗುಲ ಬೇರೆ. ಭಾಗಗಳನ್ನು ಕೂಡಿಸಿ ಎತ್ತರ ಮಾಡುವುದಿಲ್ಲ; ಎತ್ತರವನ್ನು ಹಂಚಿ ಭಾಗ ಪಡೆಯುತ್ತಾರೆ. ಹೀಗೆ ಮಾಡಿದರೆ ಪಾದಕ್ಕೆ ಜಾಗ ಇಲ್ಲವಾಗುವ ಪ್ರಮೇಯವೇ ಬರದು, ಏಕೆಂದರೆ ಪಾದದ ಜಾಗ ಮೊದಲೇ ಕಾದಿರಿಸಿದ್ದಾಗಿದೆ. ಕಲ್ಲು ಒಮ್ಮೆ ಚಕ್ಕೆ ಹಾರಿದರೆ ತಿರುಗಿ ಅಂಟದು. ರಬ್ಬರ್ ಇಲ್ಲದ ಕೆಲಸದಲ್ಲಿ ಕಲಿತ ಕ್ರಮವಿದು.

ಇದನ್ನು ಸ್ಕೆಚ್ ಪುಸ್ತಕಕ್ಕೆ ಇಳಿಸೋಣ. ಮನುಷ್ಯರ ಚಿತ್ರಕ್ಕೆ ನವತಾಳ ಬಲು ಅನುಕೂಲ. ಒಂಬತ್ತು ಮುಖದ ಉದ್ದ, 108 ಅಂಗುಲ. ಹಂಚಿಕೆ ಹೀಗಿದೆ: ಮುಖ 12, ಕುತ್ತಿಗೆ 4, ಅಲ್ಲಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಹೊಕ್ಕುಳಿನಿಂದ ಕಾಲು ಕವಲೊಡೆಯುವ ಜಾಗಕ್ಕೆ 12, ತೊಡೆ 24, ಮಂಡಿ 4, ಮೊಣಕಾಲಿನಿಂದ ಹರಡಿನವರೆಗೆ 24, ಪಾದದ ಎತ್ತರ 4. ಕೂಡಿಸಿದರೆ 108. ಇದು ಕೂದಲಂಚಿನಿಂದ ಕೆಳಗಿನ ಲೆಕ್ಕ. ಮೇಲೆ ನೆತ್ತಿಗೆ ಒಂದು ನಾಲ್ಕು ಅಂಗುಲ ಕೊಟ್ಟರೆ 112. ಮೇಲೆ ಹೇಳಿದ ಪುಟದಲ್ಲಿ ಆಳಿಗೆ ಉಳಿದಿದ್ದ ಜಾಗವೂ 112 ಮಿಲಿಮೀಟರ್. ಅಂದರೆ ಜೇಬಿನ ಪುಸ್ತಕದಲ್ಲಿ ನಿಮ್ಮ ಒಂದು ಅಂಗುಲ ಸರಿಯಾಗಿ ಒಂದು ಮಿಲಿಮೀಟರ್! ಶಿವಾರಪಟ್ಟಣದ ಲೆಕ್ಕ ಶಾಲೆಯ ಪ್ಲಾಸ್ಟಿಕ್ ಸ್ಕೇಲಿನ ಮೇಲೆ ಬಂದು ಕೂತಿತು.

ಆ ಹಂಚಿಕೆಯೊಳಗೆ ಇನ್ನೊಂದು ಸೊಗಸಿದೆ. ನೆತ್ತಿಯಿಂದ ಕಾಲು ಕವಲೊಡೆಯುವ ಜಾಗಕ್ಕೆ ಕೂಡಿಸಿ ನೋಡಿ: 4, 12, 4, 12, 12, 12. ಒಟ್ಟು 56. ಕೆಳಗಿನದು 24, 4, 24, 4. ಅದೂ 56. ದೇಹದ ನಟ್ಟನಡು ಸೊಂಟದ ಪಟ್ಟಿಯಲ್ಲಿಲ್ಲ, ಹೊಕ್ಕುಳಲ್ಲೂ ಇಲ್ಲ, ಇನ್ನೂ ಕೆಳಗೆ ಕಾಲು ಶುರುವಾಗುವ ಕಡೆ ಇದೆ. ಕಲಿಯುವವರು ಬಹುತೇಕ ಬೆಲ್ಟು ಕಟ್ಟುವ ಜಾಗವನ್ನೇ ನಡು ಎಂದು ತಿಳಿದು ಬರೆಯುತ್ತಾರೆ. ಬಟ್ಟೆ ನಮ್ಮ ಕಣ್ಣನ್ನು ಅಲ್ಲಿಗೆ ಎಳೆಯುತ್ತದೆ. ಲುಂಗಿ, ಸೀರೆ ಉಟ್ಟವರನ್ನು ಬರೆಯುವಾಗ ಈ ತಪ್ಪು ಇನ್ನೂ ಹೆಚ್ಚು, ಏಕೆಂದರೆ ಕಾಲು ಎಲ್ಲಿ ಬೇರೆಯಾಯಿತು ಎಂಬುದು ಕಾಣುವುದೇ ಇಲ್ಲ.

ತಲೆಯನ್ನೂ ಹಾಗೇ ನೋಡಬಹುದು. ನೆತ್ತಿಯ 4, ಹಣೆಯ 4, ಮೂಗಿನ 4, ಮೂಗಿನ ತುದಿಯಿಂದ ಗಲ್ಲಕ್ಕೆ 4. ಹುಬ್ಬು-ಕಣ್ಣು ತಲೆಯ ನಡುಭಾಗದಲ್ಲಿ ಬರುತ್ತವೆ. ಮುಖ ಬರೆಯುವಾಗ ಕಣ್ಣನ್ನು ತೀರಾ ಮೇಲಕ್ಕೇರಿಸಿ ನೆತ್ತಿಯನ್ನು ಚಪ್ಪಟೆ ಮಾಡುವುದು ಎಲ್ಲ ದೇಶದ ಕಲಿಯುವವರೂ ಮಾಡುವ ತಪ್ಪು. ಕೈಯ ಅಳತೆಗೆ ಯಾವ ಪುಸ್ತಕವೂ ಬೇಡ: ಮಣಿಕಟ್ಟನ್ನು ಗಲ್ಲಕ್ಕಿಟ್ಟು ಅಂಗೈಯನ್ನು ಮುಖದ ಮೇಲೆ ಮಲಗಿಸಿ, ನಡುಬೆರಳಿನ ತುದಿ ಹೆಚ್ಚು ಕಡಿಮೆ ಕೂದಲಂಚು ಮುಟ್ಟುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರೂವಿಯಸ್ ಕೂಡ ಗಲ್ಲದಿಂದ ಕೂದಲಂಚಿನವರೆಗಿನ ಮುಖವನ್ನೂ ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಕೈಯನ್ನೂ ಒಂದೇ ಅಳತೆ ಎಂದು, ಎತ್ತರದ ಹತ್ತನೇ ಒಂದು ಪಾಲು ಎಂದು ಬರೆದಿದ್ದ. ನಮ್ಮ ಶಿಲ್ಪಿಗಳು ತಾಳಕ್ಕೆ ಹಿಡಿದ ಮುಖವೂ ಅದೇ. ನಮ್ಮ ಮಕ್ಕಳ ಚಿತ್ರಗಳಲ್ಲಿ ಮಾತ್ರ ಹಸ್ತ ಮುಖದ ಅರ್ಧದಷ್ಟಿರುತ್ತದೆ.

ಪುಟದ ಮೇಲೆ ಕೆಲಸ ಹೀಗೆ ಸಾಗಲಿ. ಮೊನೆ ಚೂಪಾದ ಎಚ್‌ಬಿ ಪೆನ್ಸಿಲ್‌ನಿಂದ, ಒತ್ತದೆ, ನೆತ್ತಿಗೊಂದು ಪಾದಕ್ಕೊಂದು ಅಡ್ಡ ಗೀಟು. ನಡುವೆ ನೆಟ್ಟಗೆ ಒಂದು ಸೂತ್ರ. ಅದರ ಅರ್ಧಕ್ಕೆ ಕಣ್ಣಂದಾಜಿನಲ್ಲೇ ಒಂದು ಗುರುತು. ಆಮೇಲೆ ಸ್ಕೇಲಿಟ್ಟು ನೋಡಿ, 56ಕ್ಕೆ ಬಂತೋ ಇಲ್ಲವೋ. ಕೆಳಗಿನ ಅರ್ಧದ ಅರ್ಧಕ್ಕೆ ಇನ್ನೊಂದು ಗುರುತು ಹಾಕಿದರೆ ಅದು 84, ಮಂಡಿಯ ಕೆಳಗಿನ ಅಂಚು. ಮೇಲಿನ ಅರ್ಧದ ಅರ್ಧ 28. ಅದು ಕುತ್ತಿಗೆಯ ಬುಡಕ್ಕೂ ಎದೆಗೂ ನಡುವೆ ಬೀಳುತ್ತದೆ, ಕಂಕುಳಿನ ಹತ್ತಿರ. ಮೂರು ಗುರುತಿನಲ್ಲಿ ಆಳು ನಿಂತಾಯಿತು. ತಲೆಯ 16 ಮಿ.ಮೀ. ಆಮೇಲೆ ತಾನಾಗಿ ಸಿಗುತ್ತದೆ. ಭುಜದ ಅಗಲ ಸುಮಾರು ಎರಡು ತಲೆಯುದ್ದ. ಜೋತುಬಿಟ್ಟ ಕೈಯ ಮೊಣಕೈ ಹೊಕ್ಕುಳಿನ ನೇರಕ್ಕೆ, ಬೆರಳ ತುದಿ ತೊಡೆಯ ಮಧ್ಯಕ್ಕೆ. ಸ್ಕೇಲನ್ನು ಮೊದಲು ಹಿಡಿಯಬಾರದು, ಕಣ್ಣು ಅಂದಾಜು ಮಾಡಿದ ಮೇಲೆ ಪರೀಕ್ಷೆಗೆ ಮಾತ್ರ ಹಿಡಿಯಬೇಕು. ಬರೀ ಗೀಟಿನ ಮೇಲೆ ಅರ್ಧ, ಕಾಲು, ಅರೆಕಾಲು ಗುರುತಿಸುವ ಅಭ್ಯಾಸವನ್ನೇ ಒಂದಷ್ಟು ಪುಟ ಮಾಡಿದರೂ ನಷ್ಟವಿಲ್ಲ. ಮಕ್ಕಳಿಗೆ ಇದು ಬೇಸರದ ಕೆಲಸ ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ಯಾರದು ಸರಿ ಬಂತು ಎಂದು ಪಂದ್ಯ ಕಟ್ಟಿ ನೋಡಿ, ಬಿಡುವುದೇ ಇಲ್ಲ.

ಚಿಕ್ಕ ಚಿತ್ರದಲ್ಲಿ ಪೆನ್ಸಿಲ್ ಮೊನೆಯೇ ಅಳತೆಯನ್ನು ಕೆಡಿಸಬಲ್ಲದು. ಮೊಂಡಾದ 6ಬಿ ಪೆನ್ಸಿಲ್ ಗೆರೆ ಒಂದು ಮಿ.ಮೀ. ದಪ್ಪ ಬರುತ್ತದೆ. ನಾಲ್ಕು ಮಿ.ಮೀ. ಎತ್ತರದ ಕುತ್ತಿಗೆಗೆ ಮೇಲೊಂದು ಕೆಳಗೊಂದು ಅಂಥ ಗೆರೆ ಎಳೆದರೆ ಒಳಗೆ ಉಳಿಯುವುದೇನು? ಗೆರೆಯ ಒಳ ಅಂಚು ದೇಹದ ಅಂಚೋ, ಹೊರ ಅಂಚೋ ಎಂದು ನೀವೇ ತೀರ್ಮಾನಿಸಬೇಕಾಗುತ್ತದೆ. ಆದ್ದರಿಂದ ಅಳತೆಯ ಹಂತ ಮುಗಿಯುವವರೆಗೆ ಎಚ್‌ಬಿ, ನೆರಳಿಗೆ ಬಂದಾಗ 2ಬಿ, 4ಬಿ. ಕಟ್ಟರನ್ನು ಜೇಬಿನಲ್ಲಿಟ್ಟುಕೊಳ್ಳಿ.

ಶಾಸ್ತ್ರದ ಅಳತೆ ಕಲಿತವರಿಗೆ ಒಂದು ಅಪಾಯವೂ ಇದೆ. ಎದುರಿಗೆ ಕೂತ ಅಜ್ಜಿಯನ್ನು ನೋಡದೆ 108ರ ಗೊಂಬೆಯನ್ನು ಬರೆದುಬಿಡುವುದು. ಬರೆದ ಶಾಸ್ತ್ರಕಾರರಿಗೇ ಇದು ಗೊತ್ತಿತ್ತು. ವಿಷ್ಣುಧರ್ಮೋತ್ತರ ಪುರಾಣದ ಮೂರನೇ ಖಂಡದಲ್ಲಿರುವ ಚಿತ್ರಸೂತ್ರ ಐದು ಬಗೆಯ ಗಂಡಸರನ್ನು ಹೇಳುತ್ತದೆ: ಹಂಸನಿಗೆ 108 ಅಂಗುಲ, ಭದ್ರನಿಗೆ 106, ಮಾಲವ್ಯನಿಗೆ 104, ರುಚಕನಿಗೆ 100, ಶಶಕನಿಗೆ 90. ಅಳೆಯುವುದು ಅವರವರ ಅಂಗುಲದಿಂದಲೇ. ಜನ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರಲ್ಲ ಎಂಬ ಮಾತನ್ನು ಅಂಕಿಯಲ್ಲೇ ಬರೆದಿಟ್ಟಿದ್ದಾರೆ. 108 ಎಂಬುದು ನೀವು ಎದುರಿನವರನ್ನು ಹೋಲಿಸಿ ನೋಡಲು ಇಟ್ಟುಕೊಂಡ ಪಟ್ಟಿ. ಇವರ ಕುತ್ತಿಗೆ ಅದಕ್ಕಿಂತ ಗಿಡ್ಡವೇ? ಬೆನ್ನು ಬಾಗಿ ಎಷ್ಟು ಅಂಗುಲ ಕಳೆದುಕೊಂಡಿದ್ದಾರೆ? ವರ್ಷದ ಕೂಸಿನ ಎತ್ತರ ಅದರ ತಲೆಯ ನಾಲ್ಕು ಪಟ್ಟು ಮಾತ್ರ. ದೊಡ್ಡವರ ಅಳತೆಯಲ್ಲಿ ಕೂಸನ್ನು ಬರೆದರೆ ಕುಳ್ಳ ಗಂಡಸು ಕಾಣಿಸುತ್ತಾನೆ. ಗಣಪತಿಯ ಪಂಚತಾಳದಲ್ಲಿ ಮುದ್ದು ಎಲ್ಲಿಂದ ಬಂತು ಎಂಬುದು ಈಗ ಹೊಳೆಯಬಹುದು.

ಜೀವಂತ ಮನುಷ್ಯರನ್ನು ಬರೆಯಲು ಮಾಲೂರು, ಟೇಕಲ್, ಬಂಗಾರಪೇಟೆಯವರಿಗೆ ರೈಲಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಬೆಳಗ್ಗೆ ಬೆಂಗಳೂರಿಗೆ ಹೋಗುವ, ಸಂಜೆ ಮಾರಿಕುಪ್ಪಂ ಕಡೆ ಮರಳುವ ಗಾಡಿಗಳಲ್ಲಿ ಕೆಲಸಕ್ಕೆ ಹೋಗುವ ಜನ ಕೂತಲ್ಲೇ ನಿದ್ದೆ ಹೋಗುತ್ತಾರೆ. ಕೂತವರ ಅಳತೆ ಸುಲಭ. ನೆತ್ತಿಯಿಂದ ಸೀಟಿನವರೆಗೆ ಅದೇ 56 ಅಂಗುಲ, ದೇಹದ ಮೇಲಿನ ಅರ್ಧ. ಅದು ಕೂತರೂ ನಿಂತರೂ ಬದಲಾಗದು. ಮಂಡಿಯಿಂದ ನೆಲಕ್ಕೆ 32. ತೊಡೆ ಮಾತ್ರ ನಿಮ್ಮ ಕಡೆ ಚಾಚಿ ಅಳತೆ ಕಳೆದುಕೊಂಡಿರುತ್ತದೆ. ಆದ್ದರಿಂದ ಕೂತ ಆಳು ಸುಮಾರು ಐದೂವರೆ ತಲೆ ಎತ್ತರ. ಗಾಡಿ ಅಲುಗಾಡುವಾಗ ಮುಖದ ವಿವರಕ್ಕೆ ಹೋಗಬೇಡಿ. ತಲೆ, ಭುಜದ ಓರೆ, ಸೀಟು, ಮಂಡಿ, ನೆಲ, ಇವಿಷ್ಟು ಬಂದರೆ ಸಾಕು. ನಿದ್ದೆಯಲ್ಲಿರುವವರ ಗುರುತು ಸಿಗುವಂತೆ ಬರೆಯದಿರುವುದು ಮರ್ಯಾದೆಯೂ ಹೌದು.

ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳು ಸರಿಸುತ್ತ ಅಳೆಯುವ ಚಿತ್ರಕಾರನನ್ನು ಸಿನಿಮಾಗಳಲ್ಲಿ ಎಲ್ಲರೂ ನೋಡಿದ್ದೇವೆ. ಅದು ನಿಜವಾಗಿ ಕೆಲಸ ಮಾಡುವ ವಿದ್ಯೆ, ಆದರೆ ಮೊಣಕೈ ಮಡಚಿದರೆ ಕೆಟ್ಟಿತು. ಕಣ್ಣಿನಿಂದ ಪೆನ್ಸಿಲ್ 60 ಸೆಂಟಿಮೀಟರ್ ದೂರವಿದ್ದಾಗ 6 ಸೆಂ.ಮೀ. ಕಂಡದ್ದು, ಕೈ ಸಡಿಲಿ 50ಕ್ಕೆ ಬಂದರೆ 5 ಸೆಂ.ಮೀ. ಆಗುತ್ತದೆ, ಆರರಲ್ಲಿ ಒಂದು ಪಾಲು ಮಾಯ. ಅದಕ್ಕೇ ಮೊಣಕೈಯನ್ನು ಪೂರ್ತಿ ಚಾಚಿ ಬಿಗಿಹಿಡಿಯುವುದು. ಪೆನ್ಸಿಲ್ ಮುಂದಕ್ಕೂ ಹಿಂದಕ್ಕೂ ವಾಲದೆ, ನಮಗೂ ನೋಡುವ ವಸ್ತುವಿಗೂ ನಡುವೆ ಗಾಜಿನ ಹಲಗೆ ಇದ್ದು ಅದಕ್ಕೆ ಒರಗಿಸಿದಂತೆ ಇರಬೇಕು. ಸಾಮಾನ್ಯವಾಗಿ ಇದರಿಂದ ಪಡೆಯುವುದು ಹೋಲಿಕೆ ಮಾತ್ರ: ಅಗಲ ಎತ್ತರದೊಳಗೆ ಎಷ್ಟು ಸಲ ಹೋಗುತ್ತದೆ ಎಂಬುದು. ಚಿಕ್ಕ ಪುಸ್ತಕ ಹಿಡಿದವರಿಗೆ ಇನ್ನೊಂದು ಲಾಭವಿದೆ. ಹತ್ತು ಮೀಟರ್ ದೂರದಲ್ಲಿ ನಿಂತ ಐದೂವರೆ ಅಡಿ ಆಳು 60 ಸೆಂ.ಮೀ. ದೂರದ ಪೆನ್ಸಿಲ್ ಮೇಲೆ ಹತ್ತು ಸೆಂಟಿಮೀಟರ್ ಕಾಣುತ್ತಾನೆ. ಪುಟಕ್ಕೆ ಬೇಕಾದದ್ದೂ ಹೆಚ್ಚು ಕಡಿಮೆ ಅಷ್ಟೇ. ಪೆನ್ಸಿಲ್ ಮೇಲಿನ ಅಳತೆಯನ್ನು ಹಾಗೇ ಪುಟಕ್ಕೆ ತಂದಿಡಬಹುದು, ಗುಣಿಸುವ ಭಾಗಿಸುವ ಗೋಜಿಲ್ಲ. ದೊಡ್ಡ ಕ್ಯಾನ್ವಾಸಿನವರಿಗೆ ಈ ಸುಖವಿಲ್ಲ.

ಕೋಲಾರ ಪಟ್ಟಣದಲ್ಲಿ ಇದನ್ನು ಅಭ್ಯಾಸ ಮಾಡಲು ಗಡಿಯಾರ ಗೋಪುರದಿಂದ ಶುರು ಮಾಡಿ. ನೇರ ಅಂಚಿನ ಕಟ್ಟಡ, ಅಗಲ ಎತ್ತರದ ಹೋಲಿಕೆ ತಕ್ಷಣ ಸಿಗುತ್ತದೆ. ಅಲ್ಲಿಂದ ಸೋಮೇಶ್ವರ ದೇವಸ್ಥಾನಕ್ಕೆ ಹೋಗಿ. ವಿಜಯನಗರ ಕಾಲದ ಆ ಗುಡಿಯ ಗೋಪುರದ ಮುಂದೆ ಕೂತರೆ ಪಾಠ ಕಠಿಣವಾಗುತ್ತದೆ, ಏಕೆಂದರೆ ದ್ರಾವಿಡ ಗೋಪುರದ ಅಂತಸ್ತುಗಳು ಮೇಲೆ ಹೋದಂತೆ ಅಗಲದಲ್ಲೂ ಎತ್ತರದಲ್ಲೂ ಕುಗ್ಗುತ್ತವೆ. ಕೆಳಗಿನ ಅಂತಸ್ತು ಬರೆದು ಅದರ ಮೇಲೆ ಇನ್ನೊಂದು, ಮತ್ತೊಂದು ಎಂದು ಪೇರಿಸಿದರೆ ಶಿಖರ ಪುಟದಾಚೆ ಹೋಗುತ್ತದೆ. ತುದಿ, ಬುಡ, ಎರಡು ಬದಿಯ ಓರೆ, ಮೊದಲು ಈ ನಾಲ್ಕು. ಅಂತಸ್ತುಗಳನ್ನು ಆ ಚೌಕಟ್ಟಿನೊಳಗೆ ಹಂಚಿ. ಮಂಟಪದ ಕೆತ್ತನೆಯ ಕಂಬಗಳನ್ನು ಬೇರೆ ದಿನಕ್ಕಿಡಿ. ವಿವರ ಹೆಚ್ಚಿದ್ದಲ್ಲಿ ಕಣ್ಣು ಅಳತೆ ಮರೆಯುತ್ತದೆ.

ಬಂಡೆಗಳದು ಬೇರೆ ವಿದ್ಯೆ. ಅಂತರಗಂಗೆ ಬೆಟ್ಟಕ್ಕೋ ತೇರಹಳ್ಳಿಗೋ ಹತ್ತಿದರೆ ಒಂದರ ಮೇಲೊಂದು ಕೂತ ಗುಂಡುಗಳು. ಅವಕ್ಕೆ ತಲೆಯಿಲ್ಲ, ಕಾಲಿಲ್ಲ, ಎಷ್ಟು ತಾಳ ಎಂದು ಹೇಳಲು ಶಾಸ್ತ್ರವಿಲ್ಲ. ಇಲ್ಲಿ ಬಂಡೆಯನ್ನು ಬಿಟ್ಟು ಬಂಡೆಗಳ ನಡುವಿನ ಸಂದನ್ನು ಬರೆಯಬೇಕು. ಎರಡು ಗುಂಡುಗಳ ಮಧ್ಯೆ ಕಾಣುವ ಆಕಾಶದ ತುಂಡಿಗೆ ಒಂದು ಆಕಾರವಿರುತ್ತದೆ, ಮೂರು ಮೂಲೆಯೋ ನಾಲ್ಕು ಮೂಲೆಯೋ. ಬಂಡೆ ಹೇಗಿರಬೇಕು ಎಂಬ ಕಲ್ಪನೆ ನಮ್ಮ ತಲೆಯಲ್ಲಿ ಮೊದಲೇ ಕೂತಿರುತ್ತದೆ; ಸಂದಿನ ಬಗ್ಗೆ ಅಂಥ ಕಲ್ಪನೆಯಿಲ್ಲ, ಆದ್ದರಿಂದ ಕಂಡದ್ದನ್ನು ಕಂಡಂತೆ ಬರೆಯುತ್ತೇವೆ. ಸಂದು ಸರಿ ಬಂದರೆ ಅದರ ಎರಡೂ ಕಡೆಯ ಬಂಡೆ ಸರಿ ಬಂದೇ ಬರುತ್ತದೆ. ಇದೇ ಕಣ್ಣನ್ನು ಇಟ್ಟುಕೊಂಡು ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋಗಿ. ಬೆಟ್ಟದ ಅಡಿಯಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರಿನ ಗುಡಿಗಳು, ನೊಳಂಬರ ಕಾಲದ ನೆನಪು. ಒಂದು ಗುಡಿಯ ಅಂಚಿಗೂ ಇನ್ನೊಂದರ ಅಂಚಿಗೂ ನಡುವಿನ ಖಾಲಿಯನ್ನು ಮೊದಲು ಬರೆಯಿರಿ, ಗುಡಿಗಳ ಎತ್ತರದ ವ್ಯತ್ಯಾಸ ತಾನೇ ಹೊರಬೀಳುತ್ತದೆ. ಗುಡಿಗಳ ಹಿಂದೆ ಎದ್ದ ಬೆಟ್ಟವನ್ನು ಎಲ್ಲರೂ ನಿಜಕ್ಕಿಂತ ಎತ್ತರ ಬರೆಯುತ್ತಾರೆ. ಅದು ಮನಸ್ಸಿಗೆ ದೊಡ್ಡದಾಗಿ ಕಾಣುತ್ತದೆ; ಪೆನ್ಸಿಲ್ ಹಿಡಿದು ಅಳೆದರೆ ಆಶ್ಚರ್ಯವಾಗುತ್ತದೆ.

ಮುಳಬಾಗಿಲಿನ ಹತ್ತಿರದ ಕುರುಡುಮಲೆಯ ಗಣಪತಿ ಇನ್ನೊಂದು ಸಂಗತಿ ಕಲಿಸುತ್ತಾನೆ. ಏಕಶಿಲೆ, ಸುಮಾರು ಹದಿಮೂರೂವರೆ ಅಡಿ ಎತ್ತರ. ಹತ್ತಿರ ಹೋಗಿ ಕತ್ತೆತ್ತಿ ನೋಡಿದಾಗ ಮಂಡಿ, ಪಾದ, ಹೊಟ್ಟೆ ನಮಗೆ ಸಮೀಪ; ತಲೆ ದೂರ. ಪಂಚತಾಳದ ಅಳತೆ ಗೊತ್ತಿದ್ದವರು ಆ ಅಳತೆಯನ್ನೇ ಪುಟಕ್ಕಿಳಿಸಿದರೆ ಅದು ಗಣಪತಿಯ ನಕ್ಷೆಯಾಗುತ್ತದೆ, ಅಲ್ಲಿ ನಿಂತು ಕಂಡ ಗಣಪತಿಯಾಗುವುದಿಲ್ಲ. ಚಿತ್ರಸೂತ್ರ ಇದಕ್ಕೂ ಹೆಸರಿಟ್ಟಿದೆ: ಕ್ಷಯ ಮತ್ತು ವೃದ್ಧಿ. ದೇಹ ತಿರುಗಿದಂತೆ, ನೋಡುವ ಕೋನ ಬದಲಾದಂತೆ ಒಂದು ಭಾಗ ಕುಗ್ಗುತ್ತದೆ, ಒಂದು ಭಾಗ ಹಿಗ್ಗುತ್ತದೆ. ಚಿತ್ರಕ್ಕೆ ಒಂಬತ್ತು ನಿಲುವುಗಳನ್ನು ಹೇಳಿ ಅವುಗಳಲ್ಲಿ ಆಗುವ ಕ್ಷಯವೃದ್ಧಿಯನ್ನು ಆ ಗ್ರಂಥ ಚರ್ಚಿಸುತ್ತದೆ. ರೈಲಿನಲ್ಲಿ ಕೂತವರ ತೊಡೆ ಅಳತೆ ಕಳೆದುಕೊಂಡಿತ್ತಲ್ಲ, ಅದೇ ಕ್ಷಯ. ಎಷ್ಟು ಕಳೆಯಬೇಕೆಂದು ಬಾಯಿಪಾಠ ಮಾಡಲು ಬರುವುದಿಲ್ಲ. ಕೈ ಚಾಚಿ ಅಳೆಯಬೇಕು, ಪೆನ್ಸಿಲ್ ತೋರಿಸಿದ್ದನ್ನು ನಂಬಬೇಕು. 24 ಅಂಗುಲದ ತೊಡೆ 6 ಅಂಗುಲ ಎಂದು ಪೆನ್ಸಿಲ್ ಹೇಳಿದಾಗ ಮನಸ್ಸು ಒಪ್ಪುವುದಿಲ್ಲ, 12 ಎಂದು ರಾಜಿ ಮಾಡಿಕೊಳ್ಳುತ್ತದೆ. ನನ್ನ ಮಟ್ಟಿಗೆ ಚಿತ್ರಾಭ್ಯಾಸದ ಅತಿ ಕಷ್ಟದ ಗಳಿಗೆ ಅದು.

ಮೊಬೈಲಿನಲ್ಲಿ ಫೋಟೋ ತೆಗೆದು, ಅದರ ಮೇಲೆ ಚೌಕುಳಿ ಹಾಕಿ, ಪುಟದಲ್ಲೂ ಚೌಕುಳಿ ಹಾಕಿ ನಕಲು ಮಾಡುವ ಪದ್ಧತಿ ಈಗ ಎಲ್ಲೆಡೆ ಇದೆ. ಚೌಕುಳಿ ಹೊಸದೇನಲ್ಲ, ಇಟಲಿಯ ಆಲ್ಬರ್ಟಿ 1435ರ ಹೊತ್ತಿಗೇ ಎಳೆಗಳ ಬಲೆಯೊಂದನ್ನು ಎದುರಿಗೆ ಹಿಡಿದು ಬರೆಯುವ ಉಪಾಯ ಹೇಳಿದ್ದ. ಬೋರ್ಡು ಬರೆಯುವವರಿಗೆ, ಗೋಡೆಯ ಮೇಲೆ ದೊಡ್ಡ ಚಿತ್ರ ಹಿಗ್ಗಿಸುವವರಿಗೆ ಅದಿಲ್ಲದೆ ಆಗದು. ಆದರೆ ಆಲ್ಬರ್ಟಿಯ ಬಲೆಯ ಹಿಂದೆ ನಿಜವಾದ ವಸ್ತುವಿತ್ತು, ಮೊಬೈಲಿನ ಹಿಂದೆ ಮಸೂರ ಆಗಲೇ ತೀರ್ಮಾನಿಸಿದ ಅಳತೆ ಇದೆ. ಒಂದಡಿ ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು ಉಬ್ಬಿ ಕಿವಿ ಹಿಂದೆ ಸರಿದಿರುತ್ತದೆ. ಗೋಪುರದ ಬುಡದಲ್ಲಿ ನಿಂತು ಮೊಬೈಲ್ ಎತ್ತಿ ತೆಗೆದರೆ ಗೋಪುರ ಹಿಂದಕ್ಕೆ ಬಿದ್ದಂತಿರುತ್ತದೆ. ಆ ತಪ್ಪನ್ನು ನಿಷ್ಠೆಯಿಂದ ನಕಲು ಮಾಡಿದ ಮಕ್ಕಳಿಗೆ ಏನು ಸಿಕ್ಕಿತು? ಲೋವರ್ ಗ್ರೇಡ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆ ಕೂರುವ ಮಕ್ಕಳನ್ನು ತಯಾರು ಮಾಡುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಎದುರಿಗೆ ಒಂದು ವಸ್ತು ಇಡಿ, ಫೋಟೋ ಬೇಡ. ಸಾಧ್ಯವಾದರೆ ಒಂದು ದಿನ ಮಕ್ಕಳನ್ನು ಶಿವಾರಪಟ್ಟಣಕ್ಕೆ ಕರೆದುಕೊಂಡು ಹೋಗಿ, ಕಲ್ಲಿನ ಮೇಲೆ ಎಳೆದ ಗೆರೆಗಳನ್ನು ಅವರ ಪುಸ್ತಕದಲ್ಲಿ ಬರೆಸಿ. ಕೆತ್ತಿದ್ದು ಬೇಡ, ಗೆರೆ ಸಾಕು.

ವಸ್ತು ಬೇಕಾದವರಿಗೆ ಶ್ರೀನಿವಾಸಪುರದ ಮಾವು ಇದೆ. ಹಂಗಾಮಿನಲ್ಲಿ ಮಂಡಿಗಳ ಮುಂದೆ ರಾಶಿ ಬೀಳುವಾಗ ತೋತಾಪುರಿ ಒಂದು, ಬಾದಾಮಿ ಒಂದು ತಂದು ಮೇಜಿನ ಮೇಲಿಡಿ. ಬಣ್ಣ ಬೇಡ, ಬರೀ ಹೊರಗೆರೆಯಲ್ಲಿ ಎರಡೂ ಬೇರೆ ಬೇರೆ ಎಂದು ಗೊತ್ತಾಗಬೇಕು. ತೋತಾಪುರಿ ಉದ್ದ, ತುದಿಯಲ್ಲಿ ಗಿಳಿಮೂತಿ. ಬಾದಾಮಿ ಗುಂಡು, ಭುಜ ತುಂಬಿದ್ದು. ಹಣ್ಣಿನ ಉದ್ದದಲ್ಲಿ ಅತಿ ಅಗಲದ ಜಾಗ ಎಲ್ಲಿ ಬರುತ್ತದೆ ಎಂಬುದನ್ನು ಮೊದಲು ಗುರುತಿಸಿ. ತೊಟ್ಟಿನಿಂದ ಮೂರನೇ ಒಂದು ಪಾಲಿನಲ್ಲೋ, ಅರ್ಧದಲ್ಲೋ? ಆ ಒಂದು ಗುರುತು ಎರಡು ಮಿಲಿಮೀಟರ್ ಜಾರಿದರೆ ತೋತಾಪುರಿ ಬದನೆಕಾಯಿಯಾಗುತ್ತದೆ. ಮನುಷ್ಯನ ಮುಖದಲ್ಲಿ ಹೋಲಿಕೆ ಬರುವುದೂ ಇಂಥ ಗುರುತುಗಳಿಂದಲೇ ಹೊರತು ರೆಪ್ಪೆಗೂದಲಿನಿಂದಲ್ಲ. ಹಣ್ಣಿನ ಅನುಕೂಲವೆಂದರೆ ಅದು ಅಲ್ಲಾಡುವುದಿಲ್ಲ, ಬೇಸರಪಡುವುದಿಲ್ಲ, ಅಭ್ಯಾಸ ಮುಗಿದ ಮೇಲೆ ತಿನ್ನಲೂ ಬರುತ್ತದೆ.

ಬರೆದಾದ ಮೇಲೆ ಪುಸ್ತಕವನ್ನು ತಲೆಕೆಳಗು ಮಾಡಿ ನೋಡಿ, ಕನ್ನಡಿಗೆ ಹಿಡಿದು ನೋಡಿ. ತನ್ನ ತಪ್ಪಿಗೆ ಒಗ್ಗಿಹೋದ ಕಣ್ಣಿಗೆ ಎರಡೂ ಅಪರಿಚಿತ; ವಾಲಿದ ಭುಜ, ಸೂತ್ರ ತಪ್ಪಿದ ಮೂಗು ಥಟ್ಟನೆ ಕಾಣುತ್ತದೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರ ಚಿತ್ರವಾದರೆ ಕುತ್ತಿಗೆಯ ಗುಳಿಯಿಂದ ನೆಟ್ಟಗೆ ಗೆರೆ ಇಳಿಸಿ. ಭಾರ ಹೊತ್ತ ಕಾಲಿನ ಹರಡಿನ ಹತ್ತಿರ ಅದು ಬೀಳದಿದ್ದರೆ ಆಳು ಬೀಳುತ್ತಿದ್ದಾನೆ. ಕೊನೆಗೆ ಸ್ಕೇಲ್ ಇಟ್ಟು ಪುಟದ ಮೂಲೆಯಲ್ಲಿ ಬರೆಯಿರಿ: ತಲೆ 19, ಇರಬೇಕಾದ್ದು 16, ನಡು 50, ಇರಬೇಕಾದ್ದು 56. ಅಳಿಸಿ ತಿದ್ದುವುದು ಬೇಡ, ಮುಂದಿನ ಪುಟಕ್ಕೆ ಹೋಗಿ. ಒಂದಷ್ಟು ಪುಟ ತುಂಬಿದ ಮೇಲೆ ಆ ಅಂಕಿಗಳನ್ನೇ ಸಾಲಾಗಿ ಓದಿದರೆ ತಪ್ಪುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿಲ್ಲ ಎಂಬುದು ಗೊತ್ತಾಗುತ್ತದೆ. ಕೆಲವರ ಕೈ ತಲೆಯನ್ನು ಸದಾ ದೊಡ್ಡದು ಮಾಡುತ್ತದೆ, ಕೆಲವರದು ಎಡಗಡೆಯ ಭುಜವನ್ನು ಸದಾ ಮೇಲಕ್ಕೆತ್ತುತ್ತದೆ, ಕೆಲವರದು ನಡುವನ್ನು ಸದಾ ಏರಿಸುತ್ತದೆ. ನಿಮ್ಮ ಕೈ ಯಾವ ಕಡೆಗೆ ಎಷ್ಟು ಮಿಲಿಮೀಟರ್ ಎಳೆಯುತ್ತದೆ ಎಂಬುದು ತಿಳಿದ ದಿನದಿಂದ ಮೊದಲ ಗುರುತನ್ನು ಅಷ್ಟು ತಗ್ಗಿಸಿಯೋ ಏರಿಸಿಯೋ ಹಾಕಬಹುದು.